ಸೋತರೆ ಲಾಭವೆಂಬ ಲೆಕ್ಕ

ಡ್ರಾಫ್ಟ್ ಎಂದರೆ ನಮ್ಮ ತಲೆಮಾರಿನ ಗಲ್ಫ್ ಕನ್ನಡಿಗರಿಗೆ ನೆನಪಾಗುವುದು ಒಂದೇ. ಸಂಬಳವಾದ ಮರುದಿನ ಎಕ್ಸ್‌ಚೇಂಜಿನ ಮುಂದೆ ಸಾಲು ನಿಂತು ಊರಿಗೆ ಡಿ.ಡಿ. ಮಾಡಿಸಿ, ಲಕೋಟೆಗೆ ಹಾಕಿ ರಿಜಿಸ್ಟರ್ ಪೋಸ್ಟ್ ಮಾಡುತ್ತಿದ್ದ ಆ ಡ್ರಾಫ್ಟ್! ಹಾಗಾಗಿ 2023ರ ಮೇ ತಿಂಗಳ ಒಂದು ಬೆಳಗಿನ ಜಾವ, ಆಗಿನ್ನೂ ಆರನೆಯ ತರಗತಿಯಲ್ಲಿದ್ದ ನನ್ನ ಮಗ ಅಡುಗೆಮನೆಗೆ ಓಡಿ ಬಂದು, "ಅಮ್ಮಾ, ಡಲ್ಲಾಸ್‌ನವರ ಡ್ರಾಫ್ಟ್ ಪಿಕ್ ಉಳೀತು!" ಎಂದು ಕುಣಿದಾಗ ನನಗೆ ತಲೆಬುಡ ತಿಳಿಯಲಿಲ್ಲ. ಇಡ್ಲಿ ಹಿಟ್ಟಿನ ಪಾತ್ರೆ ಕೈಯಲ್ಲಿ ಹಿಡಿದುಕೊಂಡೇ, "ಉಳಿದರೆ ಒಳ್ಳೆಯದಾಯಿತಲ್ಲ, ಹೋಗಿ ಮುಖ ತೊಳೆ" ಎಂದೆ.

ಆಮೇಲೆ ಅವನೇ ಕೂರಿಸಿ ಹೇಳಿಕೊಟ್ಟ. ಕೇಳುತ್ತಾ ಹೋದಂತೆ ಇದು ಬರೀ ಚೆಂಡಾಟದ ವಿಷಯವಲ್ಲ ಎನ್ನಿಸಿತು. ನನ್ನ ಅಭಿಪ್ರಾಯ ಹೇಳುವ ಮುಂಚೆ ವಿಷಯ ಏನೆಂದು ಹೇಳಿಬಿಡುತ್ತೇನೆ. ಬಾಸ್ಕೆಟ್‌ಬಾಲ್ ಗೊತ್ತಿಲ್ಲದವರೂ ಭಯಪಡಬೇಕಾಗಿಲ್ಲ, ನಾನೂ ನಿಮ್ಮವಳೇ.

ಅಮೆರಿಕದ ಎನ್‌ಬಿಎ ಲೀಗಿನಲ್ಲಿ 30 ತಂಡಗಳಿವೆ. ಹೊಸದಾಗಿ ಬರುವ ಹುಡುಗರನ್ನು ಈ ತಂಡಗಳು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಜೂನ್ ತಿಂಗಳಲ್ಲಿ, ಸರದಿಯ ಪ್ರಕಾರ ಆರಿಸಿಕೊಳ್ಳುತ್ತವೆ. ಅದೇ ಡ್ರಾಫ್ಟ್. ಒಂದೊಂದು ಸರದಿ ಒಂದೊಂದು ಪಿಕ್. ಐಪಿಎಲ್ ಹರಾಜಿನ ಹಾಗೆ ಕೋಟಿ ಕೋಟಿ ಕೂಗುವುದಿಲ್ಲ. ಹಿಂದಿನ ಋತುವಿನಲ್ಲಿ ಹೆಚ್ಚು ಸೋತವರಿಗೆ ಮುಂದಿನ ಸರದಿ, ಗೆದ್ದವರಿಗೆ ಹಿಂದಿನದು. ಪಂಕ್ತಿಯಲ್ಲಿ ಹಸಿದವರಿಗೆ ಮೊದಲು ಬಡಿಸಿದ ಹಾಗೆ. 2015ರಲ್ಲಿ ಪಂಜಾಬಿನ ಸತ್ನಾಮ್ ಸಿಂಗ್ ಅವರನ್ನು ಡಲ್ಲಾಸ್ ತಂಡ 52ನೆಯ ಸರದಿಯಲ್ಲಿ ಆರಿಸಿತ್ತು. ಭಾರತದಲ್ಲಿ ಹುಟ್ಟಿದವರ ಪೈಕಿ ಡ್ರಾಫ್ಟ್‌ನಲ್ಲಿ ಆಯ್ಕೆಯಾದವರಲ್ಲಿ ಅವರೇ ಮೊದಲಿಗರು.

ಕೊನೆಯ ಸ್ಥಾನಕ್ಕೇ ಮೊದಲ ಸರದಿ ಎಂದರೆ ಎಲ್ಲರೂ ಕೊನೆಗೆ ಇಳಿಯಲು ನೋಡುತ್ತಾರಲ್ಲವೇ? ಅದಕ್ಕಾಗಿ ಲಾಟರಿ ಇಟ್ಟರು. ಪ್ಲೇಆಫ್ ತಲುಪದ 14 ತಂಡಗಳ ನಡುವೆ ಚೀಟಿ ಎತ್ತಿದಂತೆ ಚೆಂಡು ಎತ್ತುತ್ತಾರೆ. 2019ರಲ್ಲಿ ಬದಲಾದ ನಿಯಮದಂತೆ ಮೊದಲ ನಾಲ್ಕು ಸರದಿಗಳನ್ನು ಈ ಲಾಟರಿಯೇ ನಿರ್ಧರಿಸುವುದು, ಉಳಿದ ಹತ್ತು ಸೋಲಿನ ಲೆಕ್ಕದ ಪ್ರಕಾರ ಎಂದಾಯಿತು. ತೀರಾ ಕೆಳಗಿನ ಮೂರು ತಂಡಗಳಿಗೆ ಮೊದಲನೆಯ ಪಿಕ್ ಸಿಗುವ ಸಂಭವ ಸಮನಾಗಿ ನೂರಕ್ಕೆ 14. ಅದಕ್ಕೂ ಮೊದಲು ಕಟ್ಟಕಡೆಯ ತಂಡಕ್ಕೆ ನೂರಕ್ಕೆ 25 ಇತ್ತು.

ಇನ್ನು ವ್ಯಾಪಾರದ ಸಂಗತಿ. ಈ ಸರದಿಯನ್ನು ಮಾರಬಹುದು! ಇವತ್ತು ನಿನ್ನ ಒಳ್ಳೆಯ ಆಟಗಾರನನ್ನು ನನಗೆ ಕೊಡು, ಇನ್ನು ನಾಲ್ಕು ವರ್ಷದ ನಂತರ ಬರುವ ನನ್ನ ಸರದಿಯನ್ನು ನೀನು ತೆಗೆದುಕೋ ಎಂದು ಒಪ್ಪಂದ. ಏಳು ವರ್ಷ ಮುಂದಿನದರವರೆಗೂ ಕೊಡಬಹುದಂತೆ. ನಾಲ್ಕು ವರ್ಷದಲ್ಲಿ ಯಾರ ಗತಿ ಏನಾಗುತ್ತದೋ ಯಾರಿಗೆ ಗೊತ್ತು? ತಂಡ ನೆಲಕಚ್ಚಿ, ಕೈಬಿಟ್ಟು ಹೋದದ್ದು ಮೊದಲನೆಯ ಸರದಿಯೇ ಆದರೆ? ಆ ಭಯಕ್ಕೆ ಒಂದು ಷರತ್ತು ಹಾಕುತ್ತಾರೆ. "ನನ್ನ ಪಿಕ್ ಹನ್ನೊಂದನೆಯದೋ ಅದಕ್ಕಿಂತ ಹಿಂದಿನದೋ ಆದರೆ ನಿನಗೆ. ಮೊದಲ ಹತ್ತರೊಳಗೆ ಬಂದರೆ ಈ ವರ್ಷ ನನ್ನ ಬಳಿಯೇ ಇರಲಿ, ಮುಂದಿನ ವರ್ಷ ನೋಡೋಣ." ಇದೇ ಪ್ರೊಟೆಕ್ಟೆಡ್ ಪಿಕ್.

ನನಗೆ ಅರ್ಥವಾದದ್ದು ತವರಿನ ಅಡಿಕೆ ತೋಟದ ಮೂಲಕ. ತೀರ್ಥಹಳ್ಳಿಯ ಕಡೆಯವರಿಗೆ ಚೇಣಿ ಎಂದರೆ ಹೇಳಬೇಕಾಗಿಲ್ಲ. ಅಡಿಕೆ ಇನ್ನೂ ಮರದಲ್ಲಿರುವಾಗಲೇ ಮಾತು ಮುಗಿದು, ಚೇಣಿದಾರನೇ ಕೊಯ್ಲು ಮಾಡಿಸಿ ಒಯ್ಯುವ ಪದ್ಧತಿ. ನಮ್ಮಜ್ಜ ಒಂದು ಪಂಪ್‌ಸೆಟ್ಟಿಗೆ ಬದಲಾಗಿ ಬರುವ ವರ್ಷದ ಫಸಲು ಕೊಡುತ್ತೇನೆಂದು ಮಾತು ಕೊಟ್ಟರೆಂದು ಇಟ್ಟುಕೊಳ್ಳಿ. ಜಾಣರಾದ್ದರಿಂದ ಒಂದು ಮಾತು ಸೇರಿಸಿದರೆನ್ನಿ. "ನೋಡು ಮಾರಾಯ, ಮಳೆ ಹಿಡಿದು ಕೊಳೆ ರೋಗ ಬಂದು ಹತ್ತು ಕ್ವಿಂಟಲ್‌ಗಿಂತ ಕಡಿಮೆಯಾದರೆ ಈ ವರ್ಷದ್ದು ನಮಗೇ ಇರಲಿ, ಮನೆ ನಡೆಯಬೇಕಲ್ಲ. ನೀನು ಮುಂದಿನ ವರ್ಷದ್ದು ತಕ್ಕೋ." ಇದರಲ್ಲಿ ತಪ್ಪೇನಿದೆ? ಸಂಸಾರ ಮಾಡುವವರು ಆಡುವ ಮಾತೇ ಇದು.

ಈಗ ಇದಕ್ಕೆ ಇನ್ನೊಂದನ್ನು ಕೂಡಿಸಿ. ಹತ್ತು ಕ್ವಿಂಟಲ್‌ಗಿಂತ ಕಡಿಮೆಯಾದ ತೋಟಕ್ಕೆ ಸರಕಾರ ಫಸಲಿನ ಬೆಲೆಗಿಂತ ದೊಡ್ಡ ಪರಿಹಾರ ಕೊಡುತ್ತದೆ ಎನ್ನೋಣ. (ಕೊಡುವುದಿಲ್ಲ, ಅದು ಬೇರೆ ಮಾತು.) ಆಗ ಹನ್ನೊಂದು ಕ್ವಿಂಟಲ್ ಬರುವಂತಿರುವ ತೋಟದವನು ಮಳೆಗಾಲದಲ್ಲಿ ಆಳು ಕರೆಸಿ, ಮರ ಹತ್ತಿಸಿ, ಬೋರ್ಡೋ ದ್ರಾವಣ ಹೊಡೆಸುತ್ತಾನೆಯೇ? ಎರಡು ಕ್ವಿಂಟಲ್ ಕೊಳೆಯಲಿ ಬಿಡು ಎಂದು ಜಗಲಿಯಲ್ಲಿ ಕಾಲು ಚಾಚಿ ಕೂರುತ್ತಾನೆ. ಷರತ್ತು ಹಾಕಿದ್ದು ಕೊಳೆಯಿಂದ ಪಾರಾಗಲು. ಕೊನೆಗೆ ಅದೇ ಷರತ್ತು ಕೊಳೆಯನ್ನು ಬರಮಾಡಿಕೊಳ್ಳಲು ಕಾರಣವಾಯಿತು.

ಡಲ್ಲಾಸ್ ಮಾಡಿದ್ದು ಅದನ್ನೇ. 2019ರ ಜನವರಿಯಲ್ಲಿ ಕ್ರಿಸ್ಟಾಪ್ಸ್ ಪೋರ್ಜಿಂಗಿಸ್ ಎಂಬ ಆಟಗಾರನನ್ನು ತರಿಸಿಕೊಳ್ಳಲು ಅವರು ನ್ಯೂಯಾರ್ಕ್ ನಿಕ್ಸ್ ತಂಡಕ್ಕೆ ಕೊಟ್ಟದ್ದರಲ್ಲಿ 2023ರ ಪಿಕ್ ಕೂಡ ಒಂದು. ಷರತ್ತು, ಮೊದಲ ಹತ್ತರೊಳಗೆ ಬಂದರೆ ತಮ್ಮದೇ. 2023ರ ಏಪ್ರಿಲ್ 7ರಂದು ಶಿಕಾಗೋ ಬುಲ್ಸ್ ಎದುರು ಪಂದ್ಯ. ಋತುವಿನಲ್ಲಿ ಅದು ಸೇರಿ ಎರಡೇ ಪಂದ್ಯ ಬಾಕಿ. ಮುಂದಿನ ಹಂತಕ್ಕೆ ಹೋಗುವ ಸಣ್ಣ ಆಸೆ ಲೆಕ್ಕದಲ್ಲಿ ಇನ್ನೂ ಜೀವಂತವಿತ್ತು. ಆದರೆ ಗೆದ್ದರೆ ಪಿಕ್ ಹತ್ತರಾಚೆ ಜಾರುವ ಅಪಾಯ. ಕೈರಿ ಅರ್ವಿಂಗ್ ಸೇರಿದಂತೆ ಹಲವು ಪ್ರಮುಖರನ್ನು ಆಡಿಸಲೇ ಇಲ್ಲ. ತಂಡದ ಕಣ್ಮಣಿ ಲೂಕಾ ಡಾನ್ಚಿಚ್‌ನನ್ನು ಸ್ವಲ್ಪ ಹೊತ್ತು ಆಡಿಸಿ ಕೂರಿಸಿದರು. ಡಲ್ಲಾಸ್ 112, ಶಿಕಾಗೋ 115. ಸೋತರು!

ಲೀಗ್ ವಿಚಾರಣೆ ನಡೆಸಿ 7,50,000 ಡಾಲರ್ ದಂಡ ಹಾಕಿತು. ನಮ್ಮ ದುಡ್ಡಿನಲ್ಲಿ ಸುಮಾರು 27 ಲಕ್ಷ 50 ಸಾವಿರ ದಿರ್ಹಮ್. ಆದರೆ ಪಿಕ್ ಕಿತ್ತುಕೊಳ್ಳಲಿಲ್ಲ. ಮೇ ತಿಂಗಳ ಲಾಟರಿಯಲ್ಲಿ ಡಲ್ಲಾಸ್‌ಗೆ ಸರಿಯಾಗಿ ಹತ್ತನೆಯ ಸರದಿಯೇ ಉಳಿಯಿತು. ಅದೇ ನನ್ನ ಮಗ ಕುಣಿದ ಬೆಳಿಗ್ಗೆ. ಆ ಹತ್ತನೆಯದನ್ನು ಒಕ್ಲಹೋಮಾ ತಂಡದ ಹನ್ನೆರಡನೆಯದರೊಂದಿಗೆ ಅದಲುಬದಲು ಮಾಡಿಕೊಂಡು ಡೆರೆಕ್ ಲೈವ್ಲಿ ಎಂಬ ಏಳಡಿ ಹುಡುಗನನ್ನು ಪಡೆದರು. ಮರುವರ್ಷ ಅವನೂ ಇದ್ದ ತಂಡ ಫೈನಲ್‌ವರೆಗೆ ಹೋಯಿತು. ನಿಕ್ಸ್‌ಗೆ ಸಿಕ್ಕಿದ್ದು 2024ರ 24ನೆಯ ಸರದಿ. ದಂಡ ಕಟ್ಟಿದವರು ನಷ್ಟದಲ್ಲಿದ್ದರೋ ಲಾಭದಲ್ಲಿದ್ದರೋ ನೀವೇ ಹೇಳಿ.

ಆ ಅಕ್ಟೋಬರಿನಲ್ಲಿ ಡಲ್ಲಾಸ್ ತಂಡ ಮಿನೆಸೋಟಾ ಎದುರು ಎರಡು ಪಂದ್ಯವಾಡಲು ಅಬುಧಾಬಿಗೆ ಬಂದಿತ್ತು. ಮಗನ ಕಾಟ ತಡೆಯಲಾರದೆ ಟಿಕೆಟ್ ಕೊಂಡೆವು. ಮಿರ್ದಿಫ್‌ನಿಂದ ಶೇಖ್ ಮೊಹಮ್ಮದ್ ಬಿನ್ ಜಾಯೆದ್ ರಸ್ತೆ ಹಿಡಿದರೆ ಯಾಸ್ ದ್ವೀಪದ ಎತಿಹಾದ್ ಅರೀನಾ ಒಂದು ಗಂಟೆಯ ದಾರಿ. ಕಾರಿನಲ್ಲಿ ನಾನು ಕೇಳಿದೆ, "ಪುಟ್ಟಾ, ಆ ಶಿಕಾಗೋ ಪಂದ್ಯಕ್ಕೂ ಹೀಗೇ ಯಾರೋ ಅಪ್ಪ ಅಮ್ಮ ಮಗನನ್ನು ಕರೆದುಕೊಂಡು ಬಂದಿರಬೇಕಲ್ಲ? ಅವರ ಟಿಕೆಟ್ ಹಣ ವಾಪಸ್ ಕೊಟ್ಟರಂತಾ?" ಮಗ ಕಿಟಕಿಯ ಹೊರಗೆ ನೋಡಿದ. ನನ್ನವರು ಮಾತ್ರ, "ನೀನು ಪ್ರಶ್ನೆ ಕೇಳುವುದು ನಿಲ್ಲಿಸಿದರೆ ಟೋಲ್ ಗೇಟ್ ಎಷ್ಟು ಬಂತು ಎಂದು ಎಣಿಸಬಹುದು" ಎಂದರು.

ಆಗ ಮಗನ ವಾದ ಗಟ್ಟಿಯಾಗಿತ್ತು. "ಅಮ್ಮಾ, ಅದು ಸ್ಮಾರ್ಟ್ ಡಿಸಿಷನ್. ಒಂದು ಮ್ಯಾಚ್ ಹೋದರೆ ಹೋಯಿತು, ಹತ್ತು ವರ್ಷಕ್ಕೆ ಪ್ಲೇಯರ್ ಸಿಕ್ಕಿದ." ಲೆಕ್ಕದಲ್ಲಿ ಸೋಲಿಸಲು ನನ್ನಿಂದಾಗಲಿಲ್ಲ. ನಾನು ಓದಿದ್ದು ಬಿ.ಕಾಂ. ಆದರೂ.

ಕಳೆದ ವರ್ಷ ಆ ಲೆಕ್ಕ ಮನೆಗೇ ಬಂತು. ನಮ್ಮ ಕಡೆ ವಾರಾಂತ್ಯಗಳಲ್ಲಿ ಮಕ್ಕಳಿಗೆಂದು ನಡೆಯುವ ಒಂದು ಟೂರ್ನಮೆಂಟಿಗೆ ಮಗ ಸೇರಿದ್ದ. ತಂಡದಲ್ಲಿ ಹತ್ತು ಜನ, ಇವನು ಎಂಟನೆಯವನೋ ಒಂಬತ್ತನೆಯವನೋ. ಹೆಚ್ಚಾಗಿ ಬೆಂಚಿನ ಮೇಲೆ ಕುಳಿತು ಉಳಿದವರ ನೀರಿನ ಬಾಟಲಿ ಕಾಯುವುದೇ ಕೆಲಸ. ಲೀಗ್ ಹಂತದ ಕೊನೆಯ ಪಂದ್ಯದ ಹೊತ್ತಿಗೆ ನಮ್ಮ ತಂಡ ಸೆಮಿಫೈನಲ್ ತಲುಪಿಯಾಗಿತ್ತು. ಗೆದ್ದರೆ ಎರಡನೆಯ ಸ್ಥಾನ, ಆಗ ಸೆಮಿಯಲ್ಲಿ ಬಲವಾದ ತಂಡ ಎದುರಾಗುತ್ತದೆ. ಸೋತರೆ ಮೂರನೆಯ ಸ್ಥಾನ, ಸುಲಭದ ತಂಡ. ಯಾರೋ ದೊಡ್ಡವರು ಲೆಕ್ಕ ಹಾಕಿದರು. ಚೆನ್ನಾಗಿ ಆಡುವ ಐದೂ ಹುಡುಗರನ್ನು ಕೂರಿಸಿ, ಬೆಂಚಿನ ಮಕ್ಕಳನ್ನು ಕಣಕ್ಕಿಳಿಸಿದರು. ಯಾಕೆಂದು ಆ ಮಕ್ಕಳಿಗೆ ಯಾರೂ ಹೇಳಲಿಲ್ಲ.

ನನ್ನ ಮಗ ಆ ದಿನ ಆಡಿದ್ದನ್ನು ನಾನು ಮರೆಯಲಾರೆ. ಮೊದಲ ಬಾರಿ ಪೂರ್ತಿ ಪಂದ್ಯ ಸಿಕ್ಕಿದ ಹುರುಪಿನಲ್ಲಿ ಬಿದ್ದು ಎದ್ದು ಓಡಿದ. ಮೊಣಕಾಲು ತರಚಿಕೊಂಡ. ಒಟ್ಟು ಹನ್ನೊಂದು ಅಂಕ ಗಳಿಸಿದ. ಕೊನೆಯ ಎರಡು ನಿಮಿಷದಲ್ಲಿ ನಮ್ಮವರೇ ಒಂದಂಕ ಮುಂದಿದ್ದರು. ನಾನು ಚಪ್ಪಾಳೆ ತಟ್ಟುತ್ತಾ ಎದ್ದು ನಿಂತಿದ್ದೆ. ಆಗ ನಮ್ಮದೇ ಬೆಂಚಿನಿಂದ ಒಬ್ಬ ಹುಡುಗ ಕೂಗಿದ, "ಏಯ್, ಸ್ಟಾಪ್ ಸ್ಕೋರಿಂಗ್!" ಮಗ ಚೆಂಡು ಹಿಡಿದುಕೊಂಡೇ ಬೆಂಚಿನ ಕಡೆ ತಿರುಗಿ ನೋಡಿದ. ಚೆಂಡು ಕೈಯಿಂದ ಹೋಯಿತು. ಎರಡು ಅಂಕದಿಂದ ಸೋತೆವು. ಎಲ್ಲರೂ ಬೆನ್ನು ತಟ್ಟಿದರು.

ಮನೆಗೆ ಬರುವಾಗ ಹಿಂದಿನ ಸೀಟಿನಿಂದ ಒಂದೇ ಪ್ರಶ್ನೆ. "ಅಮ್ಮಾ, ನಾನು ಚೆನ್ನಾಗಿ ಆಡಿದ್ದು ತಪ್ಪಾ?"

ಅಂದಿನಿಂದ ನನಗೆ ಏಪ್ರಿಲ್ 7ರ ಆ ಪಂದ್ಯ ಬೇರೆಯಾಗಿ ಕಾಣುತ್ತದೆ. ಡಲ್ಲಾಸ್ ಸೋತದ್ದು ಮೂರೇ ಅಂಕದಿಂದ. ಅಂದರೆ ಕಣದಲ್ಲಿದ್ದವರು ಗೆಲ್ಲಲೆಂದೇ ಆಡಿದ್ದರು. ಅವರಿಗೆ ಅದು ಸಿಕ್ಕಿದ ಅವಕಾಶ. ಸೋಲಬೇಕೆಂದು ತೀರ್ಮಾನಿಸಿದವರು ಮೇಲೆ ಕೋಣೆಯಲ್ಲಿ ಕುಳಿತವರು, ಬೆವರು ಸುರಿಸಿದವರು ಕೆಳಗಿದ್ದವರು. ಈ ವ್ಯವಹಾರದ ಬಗ್ಗೆ ಬರೆಯುವವರೆಲ್ಲ ತಂಡದ ಲಾಭನಷ್ಟ ಹೇಳುತ್ತಾರೆ. ಆ ರಾತ್ರಿ ಕಣದಲ್ಲಿದ್ದ ಎಂಟನೆಯವನ, ಒಂಬತ್ತನೆಯವನ ಲೆಕ್ಕವನ್ನು ಯಾರೂ ಬರೆಯುವುದಿಲ್ಲ.

ಹಾಗಾದರೆ ಷರತ್ತೇ ಬೇಡವೇ? ಹಾಗೆ ಹೇಳಲು ನನಗೆ ಮನಸ್ಸಿಲ್ಲ. ಷರತ್ತಿಲ್ಲದೆ ಕೊಟ್ಟು ಕೆಟ್ಟವರ ಕಥೆಯೂ ಇದೆ. 2013ರಲ್ಲಿ ಬ್ರೂಕ್ಲಿನ್ ನೆಟ್ಸ್ ತಂಡ ಬಾಸ್ಟನ್‌ನಿಂದ ಕೆವಿನ್ ಗಾರ್ನೆಟ್, ಪಾಲ್ ಪಿಯರ್ಸ್ ಎಂಬ ಹೆಸರಾಂತ ಆಟಗಾರರನ್ನು ತರಿಸಿಕೊಂಡಿತು. ವಯಸ್ಸು ಆಗಲೇ 37 ಮತ್ತು 35. ಬದಲಿಗೆ 2014, 2016, 2018ರ ಸರದಿಗಳನ್ನು ಯಾವ ಷರತ್ತೂ ಇಲ್ಲದೆ ಬರೆದುಕೊಟ್ಟರು. 2017ರಲ್ಲಿ ಅದಲುಬದಲು ಮಾಡಿಕೊಳ್ಳುವ ಹಕ್ಕನ್ನೂ ಕೊಟ್ಟರು. ಹಿರಿಯರಿಬ್ಬರೂ ಬೇಗನೆ ಹೊರಟುಹೋದರು, ತಂಡ ಪಾತಾಳ ಕಂಡಿತು. 2016ರ ಮೂರನೆಯ ಸರದಿಯಲ್ಲಿ ಬಾಸ್ಟನ್‌ಗೆ ಜೇಲನ್ ಬ್ರೌನ್ ಸಿಕ್ಕಿದ. 2017ರಲ್ಲಿ ಕೈಗೆ ಬಂದದ್ದು ಮೊದಲನೆಯ ಸರದಿ! ಅದನ್ನು ಫಿಲಡೆಲ್ಫಿಯಾಕ್ಕೆ ಕೊಟ್ಟು, ಮೂರನೆಯದನ್ನೂ ಮೇಲೊಂದು ಪಿಕ್ಕನ್ನೂ ಪಡೆದು ಜೇಸನ್ ಟೇಟಮ್‌ನನ್ನು ಆರಿಸಿಕೊಂಡರು. ಆ ಇಬ್ಬರ ಸುತ್ತ ಕಟ್ಟಿದ ತಂಡವೇ 2024ರ ಚಾಂಪಿಯನ್. ಅದೇ ವರ್ಷದ ಅಕ್ಟೋಬರಿನಲ್ಲಿ ಅಬುಧಾಬಿಗೆ ಬಂದು ಹೋದ ಬಾಸ್ಟನ್ ತಂಡದ ಕಥೆ ಇದು. ಇಷ್ಟಾದರೂ ಒಂದು ಮಾತು ಹೇಳಲೇಬೇಕು. ಆ ವರ್ಷಗಳಲ್ಲಿ ಬ್ರೂಕ್ಲಿನ್‌ಗೆ ಬೇಕೆಂದೇ ಸೋಲಲು ಕಾರಣವೇ ಇರಲಿಲ್ಲ. ಸೋತಷ್ಟೂ ಲಾಭ ಪರರಿಗೆ. ಬಡವರಾದರೂ ನೆಟ್ಟಗೆ ಆಡಿದರು.

2025ರ ಅಕ್ಟೋಬರಿನಲ್ಲಿ ನಿಕ್ಸ್ ಎದುರು ಆಡಲು ಯಾಸ್ ದ್ವೀಪಕ್ಕೆ ಬಂದ ಫಿಲಡೆಲ್ಫಿಯಾದ್ದು ಇನ್ನೊಂದು ಬಗೆ. 2020ರ ಡಿಸೆಂಬರಿನಲ್ಲಿ ಆಲ್ ಹಾರ್ಫರ್ಡ್‌ನನ್ನು ಒಕ್ಲಹೋಮಾಕ್ಕೆ ಕಳುಹಿಸುವಾಗ ಅವರು ತಮ್ಮ 2025ರ ಪಿಕ್ಕನ್ನೂ ಜೊತೆಗೆ ಕೊಟ್ಟಿದ್ದರು, ಮೊದಲ ಆರರೊಳಗೆ ಬಂದರೆ ತಮ್ಮದೇ ಎಂಬ ಷರತ್ತಿನೊಂದಿಗೆ. ಆ ಋತುವಿನಲ್ಲಿ ಗಾಯಾಳುಗಳ ಸಾಲು. ಜೋಯೆಲ್ ಎಂಬೀಡ್ ಆಡಿದ್ದು 19 ಪಂದ್ಯ ಮಾತ್ರ. ಗೆಲುವು 24, ಸೋಲು 58. ಪಿಕ್ ಉಳಿಯುವ ಸಂಭವ ನೂರಕ್ಕೆ ಸುಮಾರು 64. ಲಾಟರಿಯಲ್ಲಿ ಮೂರನೆಯ ಸರದಿಯೇ ಬಂತು. ಬಹಾಮಾಸ್‌ನ ವಿ.ಜೆ. ಎಜ್‌ಕೂಂಬ್‌ನನ್ನು ಆರಿಸಿಕೊಂಡರು. ನಿಜವಾಗಿ ಕಷ್ಟದಲ್ಲಿದ್ದ ತಂಡಕ್ಕೆ ಷರತ್ತು ಆಸರೆಯಾಯಿತು ಎನ್ನಬಹುದು. ಸಾಲ ಮಾತ್ರ ತೀರಲಿಲ್ಲ, 2026ಕ್ಕೆ ಮುಂದೆ ಹೋಯಿತು. ಅಲ್ಲಿ ರಕ್ಷಣೆ ಮೊದಲ ನಾಲ್ಕಕ್ಕೆ ಮಾತ್ರ. ಪಿಕ್ ಕೈತಪ್ಪಿದ ಒಕ್ಲಹೋಮಾದವರು ಅಳುತ್ತಾ ಕೂರಲಿಲ್ಲ, ಅದೇ ಜೂನ್‌ನಲ್ಲಿ ಕಪ್ ಗೆದ್ದರು.

ನನ್ನ ಅಭಿಪ್ರಾಯ ಇಷ್ಟೇ. ಷರತ್ತು ಇರಲಿ, ಗೆರೆ ಎಳೆಯುವ ಜಾಗ ಬದಲಾಗಲಿ. ಎಂಟು, ಹತ್ತು ಎಂದು ನಡುವೆ ಗೆರೆ ಎಳೆದರೆ, ಒಂದು ಪಂದ್ಯ ಸೋತು ಆ ಗೆರೆ ದಾಟಿಬಿಡಬಹುದು. ಮೊದಲ ನಾಲ್ಕಕ್ಕೆ ಗೆರೆ ಎಳೆದರೆ ಅಲ್ಲಿ ತೀರ್ಮಾನ ಲಾಟರಿಯದು. ಸೋತು ಸಂಭವ ಹೆಚ್ಚಿಸಿಕೊಳ್ಳಬಹುದೇ ಹೊರತು ಪಿಕ್ಕನ್ನು ಖಾತ್ರಿ ಮಾಡಿಕೊಳ್ಳಲಾಗದು. 2025ರ ಕೊನೆಗೆ ಎನ್‌ಬಿಎಯಲ್ಲೇ ಇಂಥದ್ದೊಂದು ಚರ್ಚೆ ನಡೆದದ್ದು ವರದಿಯಾಗಿತ್ತು. ರಕ್ಷಣೆ ಒಂದೋ ಮೊದಲ ನಾಲ್ಕಕ್ಕೆ, ಇಲ್ಲವೇ ಹದಿನಾಲ್ಕು ಅಥವಾ ಅದಕ್ಕೂ ಮೇಲಕ್ಕೆ, ನಡುವಿನದು ಬೇಡ ಎಂದು. ನನಗೆ ಖುಷಿಯಾಯಿತು. ಮಗನಿಗೆ ಓದಿ ಹೇಳಿದೆ. ಈಗ ಒಂಬತ್ತನೆಯ ತರಗತಿಯವನು, ತಕ್ಷಣ ತಪ್ಪು ಹುಡುಕಿದ. "ಹದಿನಾಲ್ಕು ಸರಿಯಾಗಲ್ಲ ಅಮ್ಮಾ. ಡಲ್ಲಾಸ್ ಪ್ಲೇಆಫ್ ಆಸೆಯನ್ನೇ ಬಿಟ್ಟು ಸೋಲಲಿಲ್ಲವಾ? ಹದಿನಾಲ್ಕಕ್ಕೆ ಗೆರೆ ಇದ್ದರೂ ಹಾಗೇ ಮಾಡುತ್ತಾರೆ." ನಿಜ. ನಾಲ್ಕೇ ಇರಲಿ ಎಂದು ನಾನೂ ಒಪ್ಪಿದೆ. ಹಿಂದೆ "ಸ್ಮಾರ್ಟ್ ಡಿಸಿಷನ್" ಎಂದವನು ಇವನೇ ಎಂದು ನೆನಪಿಸಲು ಹೋಗಲಿಲ್ಲ.

ಐಪಿಎಲ್‌ನಲ್ಲಿ ಈ ರಗಳೆಯೇ ಇಲ್ಲ ಎನ್ನುವವರಿದ್ದಾರೆ. ಹೌದು, ಕೊನೆಯ ಸ್ಥಾನಕ್ಕೆ ಅಲ್ಲಿ ಬಹುಮಾನವಿಲ್ಲ. ನಮ್ಮ ಆರ್‌ಸಿಬಿ 2017ರಲ್ಲೂ 2019ರಲ್ಲೂ ಕಟ್ಟಕಡೆಯ ಸ್ಥಾನದಲ್ಲಿತ್ತು. ಅದಕ್ಕಾಗಿ ಒಬ್ಬ ಹುಡುಗನನ್ನೂ ಯಾರೂ ಪುಕ್ಕಟೆ ಕೊಡಲಿಲ್ಲ. 2025ರ ಜೂನ್ 3ರವರೆಗೆ "ಈ ಸಲ ಕಪ್ ನಮ್ದೇ" ಎಂದು ಹೇಳಿಕೊಂಡೇ ಹದಿನೆಂಟು ಋತು ಕಳೆದೆವು. ಬೇಕೆಂದೇ ಸೋತರು ಎಂಬ ಅಪವಾದ ಮಾತ್ರ ಬರಲಿಲ್ಲ. ಬೇಡವೆಂದರೂ ಸೋತರು, ಅಷ್ಟೇ.

ಆದರೆ ಸೋಲಿನಲ್ಲಿ ಲಾಭ ಇಟ್ಟರೆ ಯಾವ ಆಟವೂ ಉಳಿಯದು. 2012ರ ಲಂಡನ್ ಒಲಿಂಪಿಕ್ಸ್ ನೆನಪಿದೆಯೇ? ಬ್ಯಾಡ್ಮಿಂಟನ್ ಮಹಿಳೆಯರ ಡಬಲ್ಸ್‌ನಲ್ಲಿ ಮೊದಲ ಬಾರಿಗೆ ಗುಂಪು ಹಂತ ಇಟ್ಟಿದ್ದರು. ಮುಂದೆ ಸುಲಭದ ಎದುರಾಳಿ ಸಿಗಲೆಂದು ಚೀನಾದ ಒಂದು, ಇಂಡೋನೇಷ್ಯಾದ ಒಂದು, ದಕ್ಷಿಣ ಕೊರಿಯಾದ ಎರಡು ಜೋಡಿಗಳು ಶಟಲ್ಲನ್ನು ನೆಟ್ಟಿಗೇ ಹೊಡೆಯುತ್ತಾ ನಿಂತವು. ಜನ ಕೂಗಿದರು. ನಾಲ್ಕೂ ಜೋಡಿಗಳನ್ನು ಹೊರಹಾಕಿದರು. ಅದೇ ಕೂಟದಲ್ಲಿ ನಮ್ಮ ಅಶ್ವಿನಿ ಪೊನ್ನಪ್ಪ ಮತ್ತು ಜ್ವಾಲಾ ಗುಟ್ಟಾ ಗುಂಪಿನಲ್ಲಿ ಎರಡು ಪಂದ್ಯ ಗೆದ್ದೂ, ಅಂಕಗಳ ಕೂದಲೆಳೆಯ ವ್ಯತ್ಯಾಸದಿಂದ ಕ್ವಾರ್ಟರ್‌ಫೈನಲ್ ತಪ್ಪಿಸಿಕೊಂಡರು. ಅವರ ಗುಂಪಿನ ಇನ್ನೊಂದು ಪಂದ್ಯದ ಬಗ್ಗೆ ಭಾರತ ಕೊಟ್ಟ ದೂರನ್ನು ಸ್ವೀಕರಿಸಲಿಲ್ಲ. ಆ ದೂರಿನ ಸರಿತಪ್ಪು ಹೇಳಲು ನಾನು ಯಾರು? ಒಂದನ್ನು ಮಾತ್ರ ಗಮನಿಸಿ. ಮುಂದಿನ ರಿಯೋ ಒಲಿಂಪಿಕ್ಸ್ ಹೊತ್ತಿಗೆ ನಿಯಮ ತಿದ್ದಿದ್ದರು. ಗುಂಪಿನಲ್ಲಿ ಎರಡನೆಯವರಾದರೆ ಮುಂದೆ ಯಾರು ಎದುರಾಗುತ್ತಾರೆಂದು ಚೀಟಿ ಎತ್ತಿದ ಮೇಲೆಯೇ ತಿಳಿಯುವಂತೆ ಮಾಡಿದರು. ಆಟಗಾರರಿಗೆ ಬೈದು ಸುಮ್ಮನಾಗಲಿಲ್ಲ, ಗೆರೆಯನ್ನೇ ಅಳಿಸಿದರು.

ಅದನ್ನೇ ನಾನೂ ಈ ಸಲ ಬರೆದು ಕಳುಹಿಸಿದ್ದೇನೆ, ಎನ್‌ಬಿಎಗಲ್ಲ, ನಮ್ಮ ವಾರಾಂತ್ಯದ ಟೂರ್ನಮೆಂಟಿನವರಿಗೆ. ಲೀಗ್ ಮುಗಿದ ಮೇಲೆ ನಾಲ್ಕು ತಂಡಗಳ ಹೆಸರನ್ನು ಒಂದು ಡಬ್ಬಿಗೆ ಹಾಕಿ, ಪುಟ್ಟ ಮಗುವೊಂದರ ಕೈಯಲ್ಲಿ ಚೀಟಿ ಎತ್ತಿಸಿ ಸೆಮಿಫೈನಲ್ ಜೋಡಿ ಮಾಡಿ ಎಂದು. ಹಾಗೆಯೇ ಪ್ರತಿ ಪಂದ್ಯದಲ್ಲೂ ಪ್ರತಿ ಮಗುವಿಗೆ ಕನಿಷ್ಠ ಐದು ನಿಮಿಷ ಆಟ ಕೊಡಿ ಎಂದು. ಬೆಂಚಿನ ಮಕ್ಕಳು ಸೋಲುವ ದಿನಕ್ಕೆ ಮಾತ್ರ ನೆನಪಾಗಬಾರದಲ್ಲ. ಇನ್ನೂ ಉತ್ತರ ಬಂದಿಲ್ಲ. ಪ್ರವೇಶದ ಫಾರಂ ತುಂಬಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ, ಸಹಿ ಹಾಕಿಲ್ಲ. ಮಗ ದಿನಾ ಸಂಜೆ ಪಾರ್ಕಿನ ಕೋರ್ಟಿಗೆ ಹೋಗಿ ಬೆವರಿಳಿಸಿಕೊಂಡು ಬಂದು, ನೀರು ಕುಡಿಯುವ ನೆಪದಲ್ಲಿ ಫ್ರಿಜ್ಜಿನ ಮುಂದೆ ನಿಂತು ಅದನ್ನು ನೋಡುತ್ತಾನೆ.